ಜಾರುಬಂಡೆ ಬಿದ್ದ ದಿನ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಮೇಲಕ್ಕೆ ಏರಿಬಿಡುತ್ತವೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳಾದ್ದರಿಂದ ನನ್ನ ಹತ್ತಿರ ಪದಗಳೂ ಹೆಚ್ಚಿಲ್ಲ. ಪ್ರತಿ ವಾಕ್ಯವನ್ನೂ ಮೊದಲು ಬೇರೆ ಹಾಳೆಯಲ್ಲಿ ಬರೆದು, ಎರಡು ಸಲ ಓದಿ, ಪರವಾಗಿಲ್ಲ ಅನ್ನಿಸಿದ ಮೇಲೆ ಇಲ್ಲಿಗೆ ಇಳಿಸಿದ್ದೇನೆ. ಆದರೂ ಎಲ್ಲಾದರೂ ಎಡವಟ್ಟಾಗಿದ್ದರೆ ಅದು ನನ್ನ ತಪ್ಪು, ನಮ್ಮಜ್ಜನದಲ್ಲ.

ನಮ್ಮಜ್ಜ ಯಾವ ಬಾಗಿಲನ್ನೂ ನೇರವಾಗಿ ದಾಟಿದವರಲ್ಲ. ಎಡಭುಜ ಮುಂದೆ, ಗಲ್ಲ ಆ ಭುಜದ ಮರೆಯಲ್ಲಿ, ಬಲಗಾಲು ಒಂದು ಗೇಣು ಹಿಂದೆ; ಹೀಗೆ ಓರೆಯಾಗಿ, ಆಚೆ ಕಡೆ ಯಾರೋ ಕಾದು ನಿಂತಿದ್ದಾರೆ ಎಂಬಂತೆ ಒಳಗೆ ಬರುತ್ತಾರೆ. ಅಡುಗೆಮನೆಯಾಗಲಿ, ಬ್ಯಾಂಕಾಗಲಿ, ಮದುವೆಯ ಊಟದ ಮನೆಯಾಗಲಿ, ಅವರ ಪ್ರವೇಶದಲ್ಲಿ ವ್ಯತ್ಯಾಸವಿಲ್ಲ. ಒಮ್ಮೆ ಬಸ್ಸಿನ ಕಂಡಕ್ಟರು, "ಸರಿಯಾಗಿ ನಿಂತ್ಕೊಳ್ಳಿ ಯಜಮಾನ್ರೇ" ಎಂದಾಗ ಅಜ್ಜ, "ನಾನು ಸರಿಯಾಗೇ ನಿಂತಿದೀನಿ, ನಿಮ್ಮ ಬಸ್ಸು ಸೊಟ್ಟಗಿದೆ" ಅಂದಿದ್ದರು. ಹಾಗೆ ಓರೆಯಾಗಿ ಬರುವುದಷ್ಟೇ ಅಲ್ಲ, ಸದ್ದಿಲ್ಲದೆ ಬರುತ್ತಾರೆ. ಎಪ್ಪತ್ತು ದಾಟಿದ ಮೇಲೂ ಅವರ ಹೆಜ್ಜೆ ನೆಲಕ್ಕೆ ಗೊತ್ತಾಗುವುದಿಲ್ಲ. ಒಲೆಯ ಮುಂದೆ ನಿಂತ ಅಜ್ಜಿ ಹಿಂದಿರುಗಿ ನೋಡಿದರೆ ಮಾರು ದೂರದಲ್ಲಿ ಅಜ್ಜ ನಿಂತಿರುತ್ತಾರೆ, ಅಜ್ಜಿಯ ಕೈಯಲ್ಲಿದ್ದ ಚಹಾ ಅರ್ಧ ಸೀರೆಯ ಮೇಲಾಗುತ್ತದೆ.

"ಕೆಮ್ಕೊಂಡಾದ್ರೂ ಬನ್ನಿ ಅಂತ ಎಷ್ಟು ಸಲ ಹೇಳೋದು ರೀ? ಒಂದಿನ ನನ್ನ ಜೀವ ಹೋಗುತ್ತೆ."

"ಗಂಟೆ ಹೊಡೀಲಿ, ನೋಡೋಣ" ಎನ್ನುತ್ತಾರೆ ಅಜ್ಜ. ಇದು ಅವರ ಬಾಯಿಗೆ ಅಂಟಿಕೊಂಡ ಮಾತು. ಮಳೆ ಬರುತ್ತಾ ಎಂದು ಕೇಳಿದರೂ, ಪಕ್ಕದ ಮನೆಯ ಹುಡುಗಿಗೆ ಕೆಲಸ ಸಿಗುತ್ತಾ ಎಂದು ಕೇಳಿದರೂ ಇದೇ ಉತ್ತರ.

ಅಜ್ಜ ಬಾಕ್ಸಿಂಗ್ ಆಡುತ್ತಿದ್ದರು. ಹೊಟ್ಟೆಪಾಡಿಗೆ ಬಸ್ ಡಿಪೋದಲ್ಲಿ ಟೈರು ಜೋಡಿಸುವ ಕೆಲಸ, ಸಂಜೆಯಾದರೆ ಡಿಪೋದ ಹಿಂದಿನ ತಗಡಿನ ಕೊಠಡಿಯಲ್ಲಿ ಗುದ್ದಾಟ. ಯಾರ ಪೆಟ್ಟೂ ಅವರ ಮೇಲೆ ನಿಲ್ಲುತ್ತಿರಲಿಲ್ಲವಂತೆ. ಮುಖದ ಹತ್ತಿರ ಬಂದ ಗ್ಲೌಸು ಕೆನ್ನೆಯ ಪಕ್ಕದಿಂದ ನುಣ್ಣಗೆ ಜಾರಿ ಹೋಗುತ್ತಿತ್ತಂತೆ. ಹಾಗಾಗಿ ಅವರಿಗೆ ಜಾರುಬಂಡೆ ಎಂದು ಹೆಸರು ಬಿತ್ತು. ಈಗಲೂ ಡಿಪೋದ ಹಳಬರು ರಸ್ತೆಯಲ್ಲಿ ಸಿಕ್ಕರೆ "ಏನು ಜಾರುಬಂಡೆ, ಆರಾಮಾ?" ಎನ್ನುತ್ತಾರೆ, ಅಜ್ಜ ಗಂಭೀರವಾಗಿ ತಲೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಆ ಮಾತನ್ನೂ ಜಾರಿಸಿ, ನಗುತ್ತಾರೆ.

ಅವರಿಗೊಂದು ಕಂದು ಕೋಟಿದೆ. ಬೇಸಿಗೆಯಲ್ಲೂ ಅದನ್ನು ಬಿಡುವುದಿಲ್ಲ. ಅದರ ಮೊಣಕೈ ಹರಿದಾಗ ಅಜ್ಜಿಯ ಕೈಗೆ ಕೊಟ್ಟರೆ ಒಗೆಯಲು ಹಾಕಿಬಿಡುತ್ತಾಳೆಂಬ ಭಯಕ್ಕೆ, ಡಿಪೋಗೆ ಹೋಗಿ ಟ್ಯೂಬಿಗೆ ಹಾಕುವ ಪಂಕ್ಚರ್ ತೇಪೆಯನ್ನೇ ಅಂಟಿಸಿಕೊಂಡು ಬಂದಿದ್ದರು. ಅಜ್ಜಿ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಹಾಗೇ ಗಾಳೀನೂ ತುಂಬಿಸ್ಕೊಂಡು ಬರ್ಬೇಕಿತ್ತು" ಎಂದಿದ್ದಳು. ಆ ತೇಪೆ ಇನ್ನೂ ಬಿಟ್ಟಿಲ್ಲ.

ಆದರೆ ಅಜ್ಜನ ನಿಜವಾದ ಹಟ ಬೇರೆಯದು. ಅವರು ಬೀಳುವುದಿಲ್ಲ. ಬೀಳುವುದಿಲ್ಲ ಎಂದರೆ, ಬಿದ್ದರೂ ಒಪ್ಪುವುದಿಲ್ಲ. ಜ್ವರ ಬಂದರೆ ಹಗಲು ಹೊತ್ತು ಮಲಗುವವರಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ನಡುಗುತ್ತಾರೆ. ಒಂದು ಸಲ ಬಚ್ಚಲಿನಲ್ಲಿ ಧಡ್ ಎಂದು ಸದ್ದಾಗಿ ನಾವೆಲ್ಲ ಓಡಿಹೋದರೆ, ಅಜ್ಜ ನೆಲದ ಮೇಲೆ ಕಾಲು ಚಾಚಿಕೊಂಡು, "ಯಾಕೆ ಬಂದ್ರಿ ಎಲ್ಲಾ? ಸ್ವಲ್ಪ ಕೂತ್ಕೊಂಡೆ ಅಷ್ಟೇ" ಅಂದರು.

"ಹೌದೌದು," ಅಂದಳು ಅಜ್ಜಿ, ಒಡೆದ ಬಕೆಟ್ಟಿನ ಚೂರು ಆಯುತ್ತ. "ಬಕೆಟ್ ಮೇಲೆ ಆಸನ ಹಾಕ್ಕೊಂಡು ಕೂತಿದ್ರು, ಮಹಾರಾಜರು."

ಈ ಹಟಕ್ಕೆ ಒಂದು ಮೂಲವಿದೆ. ಆ ಮೂಲದ ಹೆಸರು ಸುತ್ತಿಗೆ.

ಸುತ್ತಿಗೆ ತಾತ ಬೇಕರಿಯವರು. ಹಿಟ್ಟು ನಾದಿ ನಾದಿ ಅವರ ಮುಂಗೈ ನನ್ನ ಮೊಣಕಾಲಿನಷ್ಟು ದಪ್ಪ. ಪ್ರಾಯದಲ್ಲಿ ಅವರ ಬಲಗೈ ಪೆಟ್ಟು ತಿಂದವರು ಮರುದಿನ ಊಟಕ್ಕೆ ಗಂಜಿ ಕುಡಿಯಬೇಕಾಗುತ್ತಿತ್ತಂತೆ. ಅಜ್ಜ ಮತ್ತು ಅವರು ಮೂರು ಸಲ ರಿಂಗಿಗೆ ಇಳಿದರು. ಮೊದಲನೆಯದನ್ನು ಅಜ್ಜ ಗೆದ್ದರು, ಎರಡನೆಯದನ್ನು ಸುತ್ತಿಗೆ ತಾತ ಗೆದ್ದರು, ಎರಡೂ ಬರೀ ಪಾಯಿಂಟಿನಲ್ಲಿ. ಮೂರನೆಯದು ಸಮ ಎಂದು ತೀರ್ಪಾಯಿತು. ಜಗಳ ಹುಟ್ಟಿದ್ದು ಅಲ್ಲಿ. ಆ ಕೊನೆಯ ಆಟದ ಕೊನೆಯ ರೌಂಡಿನಲ್ಲಿ, ತಮ್ಮ ಒಂದು ಪೆಟ್ಟಿಗೆ ಅಜ್ಜನ ಮೊಣಕಾಲು ನೆಲಕ್ಕೆ ತಾಗಿತು ಎಂದು ಸುತ್ತಿಗೆ ತಾತ ಹೇಳುತ್ತಾರೆ. ಮೊಣಕಾಲು ತಾಗಿದರೆ ಬಿದ್ದಂತೆಯೇ ಲೆಕ್ಕ. ನೆಲದಲ್ಲಿ ಬೆವರು ಚೆಲ್ಲಿತ್ತು, ಕಾಲು ಜಾರಿತು, ಮೊಣಕಾಲಿಗೂ ನೆಲಕ್ಕೂ ನಡುವೆ ಎರಡು ಬೆರಳು ಗಾಳಿಯಿತ್ತು ಎಂದು ಅಜ್ಜ ಹೇಳುತ್ತಾರೆ. ರೆಫರಿ ಆ ಕ್ಷಣದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಈಗ ಆ ರೆಫರಿಯೂ ಇಲ್ಲ, ಆ ಕೊಠಡಿಯೂ ಇಲ್ಲ. ಆ ಎರಡು ಬೆರಳು ಗಾಳಿ ಮಾತ್ರ ನಮ್ಮ ಮನೆಯಲ್ಲಿ ಉಳಿದಿದೆ.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲವೆಂದರೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿಲ್ಲದ ದಿನವಿಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ಅಜ್ಜ ಬಲಗಡೆಯಿಂದ ಸುತ್ತು ಹಾಕಿದರೆ ಸುತ್ತಿಗೆ ತಾತ ಎಡಗಡೆಯಿಂದ. ಪ್ರತಿ ಸುತ್ತಿಗೂ ಎದುರಾದಾಗ ಇಬ್ಬರೂ ಮರಗಳನ್ನು ನೋಡುತ್ತಾರೆ. ಮನೆಗೆ ಬಂದ ಮೇಲೆ ಅಜ್ಜ, "ಅವನು ಇವತ್ತು ಹೆಜ್ಜೆ ಭಾರವಾಗಿ ಇಡ್ತಿದ್ದ, ಕಾಲಿಗೆ ನೀರು ಬಂದಿರ್ಬೇಕು" ಎಂದು ಸಂಕಟಪಡುತ್ತಾರೆ. ಸುತ್ತಿಗೆ ತಾತ ಎರಡು ದಿನ ಪಾರ್ಕಿಗೆ ಬರದಿದ್ದರೆ ಅಜ್ಜಿಯನ್ನು ಬೇಕರಿಗೆ ಅಟ್ಟುತ್ತಾರೆ, ಬ್ರೆಡ್ಡು ಬೇಕೆಂಬ ನೆಪ. ಮನೆಯಲ್ಲಿ ಬ್ರೆಡ್ಡು ತಿನ್ನುವವರು ಯಾರೂ ಇಲ್ಲ.

ಹೀಗಿರುವಾಗ ಸಿನಿಮಾದವರು ಬಂದರು. ಇಬ್ಬರು ಮುದುಕ ಬಾಕ್ಸರುಗಳು ಹಳೆಯ ಲೆಕ್ಕ ತೀರಿಸಿಕೊಳ್ಳಲು ಮತ್ತೆ ರಿಂಗಿಗೆ ಇಳಿಯುವ ಹಾಸ್ಯ ಚಿತ್ರವಂತೆ. ನಟರಿಬ್ಬರಿಗೂ ವಯಸ್ಸಾಗಿದೆ, ಒಬ್ಬರಿಗೆ ಬೆನ್ನು ನೋವು, ಇನ್ನೊಬ್ಬರಿಗೆ ಮಂಡಿ ನೋವು. ಮುಖ ಕಾಣುವ ಕಡೆ ಅವರು ನಟಿಸುತ್ತಾರೆ, ದೂರದಿಂದ ತೆಗೆಯುವ ಗುದ್ದಾಟಕ್ಕೆ ನಿಜವಾದ ಹಳೆಯ ಬಾಕ್ಸರುಗಳು ಬೇಕು. ನಿರ್ದೇಶಕನ ಸಹಾಯಕಿ ನಮ್ಮ ವರಾಂಡದಲ್ಲಿ ಕುಳಿತು ಇದನ್ನೆಲ್ಲ ವಿವರಿಸಿದಾಗ ಅಜ್ಜ ತಲೆಯಾಡಿಸಿದರು.

"ಸಿನಿಮಾ ಗಿನಿಮಾ ನಮಗೆ ಆಗಿಬರಲ್ಲಮ್ಮ."

"ಬೇಕರಿ ತಾತ ಒಪ್ಕೊಂಡಿದಾರೆ ಸರ್. ನಿಮ್ಮ ಹೆಸರು ಹೇಳಿದ್ದೂ ಅವರೇ. ನೀವು ಬರಲ್ಲ, ಹೆದರ್ತೀರಾ ಅಂದ್ರು."

ಅಜ್ಜ ಕೋಟಿನ ಗುಂಡಿ ಹಾಕಿಕೊಂಡರು. "ಯಾವತ್ತು ಬರ್ಬೇಕು?"

ಅಜ್ಜಿ ಗೋಡೆಯ ಕಡೆ ತಿರುಗಿ ನಕ್ಕಳು. ಆಮೇಲೆ ನನ್ನ ಕೈಗೆ ಅಜ್ಜನ ಮಾತ್ರೆ, ನೀರಿನ ಬಾಟಲಿ ಕೊಟ್ಟು, "ಜೊತೆಗಿರು, ಅಲ್ಲೂ ಎಲ್ಲಾದ್ರೂ ಕೂತ್ಕೊಂಡುಬಿಟ್ಟಾರು" ಎಂದಳು. ಜನರ ನಡುವೆ ಮಾತಾಡುವುದೆಂದರೆ ನನಗಾಗದು, ಅಂಗಡಿಯವನ ಹತ್ತಿರವೂ ನನ್ನ ಬದಲು ಅಜ್ಜಿಯೇ ಮಾತಾಡಬೇಕು; ಆದರೂ ಹೋದೆ. ಮುಂದಿನದನ್ನು ನೋಡಿದ್ದು ಹಾಗೆ.

ಒಂದು ಖಾಲಿ ಗೋದಾಮಿನಲ್ಲಿ ರಿಂಗು ಕಟ್ಟಿದ್ದರು. ಅಜ್ಜ ಹಗ್ಗ ಎಳೆದು ನೋಡಿದರು, ನೆಲವನ್ನು ಅಂಗೈಯಿಂದ ಒತ್ತಿದರು, ಮೂಲೆಯ ಮೆತ್ತೆಗೆ ಮೂಗು ತಾಗಿಸಿ ಮೂಸಿದರು. "ಎಲ್ಲಾ ಸರಿಯಾಗಿದೆ, ಬೆವರಿನ ವಾಸನೆ ಒಂದಿಲ್ಲ" ಎಂಬುದು ಅವರ ತೀರ್ಪು. ಅಷ್ಟರಲ್ಲಿ ಸುತ್ತಿಗೆ ತಾತ ಬಂದರು, ಹಿಂದೆ ಮಗಳು, ಮೊಮ್ಮಕ್ಕಳು, ಬೇಕರಿಯ ಕೆಲಸಗಾರರು ಎಲ್ಲ. ತಾತನ ಸಿನಿಮಾ ನೋಡಲು ಅಂಗಡಿಗೆ ಬಾಗಿಲು ಹಾಕಿಕೊಂಡು ಬಂದಿದ್ದರು. ಅವರನ್ನೆಲ್ಲ ಸಾಲಾಗಿ ಬೆಂಚಿನ ಮೇಲೆ ಕೂರಿಸಿ ಸುತ್ತಿಗೆ ತಾತ ಎದೆಯುಬ್ಬಿಸಿ ನಿಂತರು.

ಮೇಕಪ್ಪಿನ ಕೋಣೆಯಲ್ಲಿ ಮೊದಲ ತಮಾಷೆ ನಡೆಯಿತು. ಅಜ್ಜನಿಗೆ ತಲೆಯಲ್ಲಿ ಒಂದೂ ಕೂದಲಿಲ್ಲ, ಆದರೆ ಅವರು ಯಾರ ಬದಲು ಆಡಬೇಕಿತ್ತೋ ಆ ನಟನಿಗೆ ಗುಂಗುರು ಕೂದಲು. ಸುತ್ತಿಗೆ ತಾತನಿಗೆ ಈ ವಯಸ್ಸಿನಲ್ಲೂ ದಟ್ಟವಾದ ಬಿಳಿಗೂದಲು, ಅವರ ನಟನೋ ಬೋಳು. ಒಬ್ಬರಿಗೆ ವಿಗ್ಗು ಹಾಕಿದರು, ಇನ್ನೊಬ್ಬರಿಗೆ ಬೋಳುತಲೆಯ ರಬ್ಬರು ಟೋಪಿ ಎಳೆದರು. ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡ ಆ ಇಬ್ಬರೂ ತಮ್ಮ ಮೌನವ್ರತವನ್ನು ಅಲ್ಲೇ ಮುರಿದರು.

"ಏನೋ ಇದು, ತಲೆ ಮೇಲೆ ಕಾಗೆ ಗೂಡು?"

"ನಿನ್ನದು ಬೇಯದ ಬನ್ನು."

ಇಷ್ಟು ವರ್ಷಗಳ ನಂತರ ಅವರು ಆಡಿದ ಮೊದಲ ಮಾತುಗಳು ಇವೇ.

ಚಿತ್ರದ ಕಥೆಯಲ್ಲಿ ಕೊನೆಗೆ ಗುಂಗುರು ಕೂದಲಿನವನು ಬೀಳಬೇಕಿತ್ತು. ನಿರ್ದೇಶಕ ಅದನ್ನು ಹೇಳಿದ್ದೇ ತಡ, ಅಜ್ಜ ಗ್ಲೌಸು ಬಿಚ್ಚಲು ಶುರು ಮಾಡಿದರು. ನಿರ್ದೇಶಕ ಒಳ್ಳೆಯ ಸ್ವಭಾವದವನು, ಚಿಕ್ಕ ವಯಸ್ಸು, ದಣಿದ ಕಣ್ಣು.

"ತಾತ, ನಿಜವಾಗಿ ಬೀಳೋದಲ್ಲ. ಕೆಳಗೆ ಮೆತ್ತೆ ಇರುತ್ತೆ."

"ಮೆತ್ತೆ ಇದ್ರೂ ಬೀಳೋದು ಬೀಳೋದೇ ಅಲ್ವೇನಪ್ಪಾ? ಹೊಡಿ ಅನ್ನು, ಹೊಡೀತೀನಿ. ತಿನ್ನು ಅನ್ನು, ತಿಂತೀನಿ. ಅವನ ಮುಂದೆ ಬೀಳು ಅಂತ ಮಾತ್ರ ಹೇಳ್ಬೇಡ."

ಸುತ್ತಿಗೆ ತಾತ ಆಚೆ ಮೂಲೆಯಿಂದ ಕೂಗಿದರು: "ಒಂದ್ಸಲ ಬಿದ್ದಿದಾನೆ, ಅಭ್ಯಾಸ ಇದೆ ಅವನಿಗೆ!"

"ಎರಡು ಬೆರಳು ಗಾಳಿ ಇತ್ತು ಕಣೋ!"

"ನಿನ್ನ ತಲೇಲಿದೆ ಆ ಗಾಳಿ!"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅಜ್ಜ ನಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಪೆಟ್ಟು ಬೀಳುವವರೆಗೆ ಅಜ್ಜ ಇರುತ್ತಾರೆ. ಅಲ್ಲಿಗೆ ಕ್ಯಾಮೆರಾ ನಿಲ್ಲಿಸಿ, ಅದೇ ವಿಗ್ಗು ಹಾಕಿದ ಸಾಹಸ ಕಲಾವಿದನೊಬ್ಬ ಅಜ್ಜನ ಬದಲು ಬೀಳುತ್ತಾನೆ. ಅಜ್ಜ ಮೂರು ಸಲ ಕೇಳಿ ಖಚಿತ ಮಾಡಿಕೊಂಡು ಗ್ಲೌಸಿನ ದಾರ ಮತ್ತೆ ಕಟ್ಟಿಸಿಕೊಂಡರು.

ಸಿನಿಮಾದ ಪೆಟ್ಟು ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ನಿಲ್ಲಬೇಕಂತೆ. ಕ್ಯಾಮೆರಾ ಇಡುವ ಕಡೆಯಿಂದ ನೋಡಿದರೆ ಅದು ತಾಗಿದಂತೆಯೇ ಕಾಣುತ್ತದೆ. ಅಭ್ಯಾಸ ಶುರುವಾಯಿತು. ಇಬ್ಬರು ಮುದುಕರು ಹಗ್ಗಗಳ ನಡುವೆ ಸುತ್ತುವುದನ್ನು ನೋಡುತ್ತ ಗೋದಾಮಿನಲ್ಲಿ ಗದ್ದಲ ತಾನಾಗಿಯೇ ಅಡಗಿತು. ಅಜ್ಜನ ವಯಸ್ಸು ಎಲ್ಲೋ ಹೊರಗೆ ಉಳಿದುಬಿಟ್ಟಿತ್ತು. ಅವರ ಕಾಲು ನೆಲವನ್ನು ಮುಟ್ಟದೆಯೇ ನೆಲದ ಮೇಲೆ ಚಲಿಸುತ್ತಿತ್ತು, ಸೊಂಟದಿಂದ ಮೇಲಿನ ದೇಹ ನೀರಿನ ಮೇಲಿಟ್ಟ ಬಿಂದಿಗೆಯಂತೆ ಅತ್ತ ಇತ್ತ ವಾಲುತ್ತಿತ್ತು. ಅವರು ಬಲಕ್ಕೆ ಸರಿದರು. ಸುತ್ತಿಗೆ ತಾತನ ಬಲಗೈ ಬೀಸಿ ಬಂತು. ಅದು ಗೇಣು ದೂರದಲ್ಲಿ ನಿಲ್ಲಲಿಲ್ಲ. ಅಜ್ಜನ ಕಿವಿಯ ಮೇಲೆ ಫಟ್ಟೆಂದು ಕೂತಿತು.

ಎಲ್ಲರೂ ಹಗ್ಗದ ಹತ್ತಿರ ಓಡಿದರು. ನಾನು ನೀರಿನ ಬಾಟಲಿ ಹಿಡಿದುಕೊಂಡು ಎದ್ದು ನಿಂತೆ. ಅಜ್ಜ ಕೈಯೆತ್ತಿ ಎಲ್ಲರನ್ನೂ ತಡೆದರು. ಅವರ ಮುಖದಲ್ಲಿ ನೋವಿರಲಿಲ್ಲ, ಕೋಪವೂ ಇರಲಿಲ್ಲ. ಟೈರಿನೊಳಗೆ ಮೊಳೆ ಎಲ್ಲಿದೆಯೆಂದು ಬೆರಳಾಡಿಸಿ ಹುಡುಕುವಾಗ ಇರುವಂಥ ಮುಖ. ಅವರು ಮತ್ತೆ ಬಲಕ್ಕೆ ಒಂದು ಹೆಜ್ಜೆ ಸರಿದರು. ಸುತ್ತಿಗೆ ತಾತನ ಗಲ್ಲ ತಡವಾಗಿ ತಿರುಗಿತು, ಕೋಳಿ ಕಾಳು ನೋಡಲು ಕತ್ತು ತಿರುಗಿಸಿದಂತೆ, ಇಡೀ ತಲೆಯೇ ತಿರುಗಿತು. ಅಜ್ಜ ತಮ್ಮ ಬಲಗೈಯನ್ನು ಮೆಲ್ಲನೆ ಎತ್ತಿ ಸುತ್ತಿಗೆ ತಾತನ ಎಡಗಣ್ಣಿನ ಪಕ್ಕಕ್ಕೆ ತಂದರು. ಸುತ್ತಿಗೆ ತಾತ ರೆಪ್ಪೆ ಬಡಿಯಲಿಲ್ಲ. ಅಜ್ಜ ಕೈ ಇಳಿಸಿದರು. ಬೇರೆ ಯಾರಿಗೂ ಅದರ ಅರ್ಥವಾಗಲಿಲ್ಲ. ಹತ್ತಿರದಲ್ಲಿದ್ದ ನನಗೆ, ಆಮೇಲೆ ಅರ್ಥವಾಯಿತು.

ನಿರ್ದೇಶಕ ಸುತ್ತಿಗೆ ತಾತನಿಗೆ ಕೇಳದಂತೆ ಅಜ್ಜನ ಹತ್ತಿರ ಬಂದು ಹೇಳಿದ: "ಇನ್ನೊಂದು ಸಲ ನೋಡೋಣ ತಾತ. ಈ ಸಲಾನೂ ಕೈ ಹತೋಟಿಗೆ ಬರ್ಲಿಲ್ಲ ಅಂದ್ರೆ ಅವರನ್ನ ಬಿಟ್ಟು ಬೇರೆಯವರನ್ನ ಹಾಕ್ತೀನಿ. ಯಾರಿಗಾದ್ರೂ ಏನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಜ್ಜ ಬೆಂಚಿನ ಕಡೆ ನೋಡಿದರು. ಸುತ್ತಿಗೆ ತಾತನ ಚಿಕ್ಕ ಮೊಮ್ಮಗಳು ಬೆಂಚಿನ ಮೇಲೆ ನಿಂತು ಗಾಳಿಗೆ ಗುದ್ದುತ್ತಿದ್ದಳು. ಸುತ್ತಿಗೆ ತಾತ ಮೂಲೆಯಲ್ಲಿ ಹಗ್ಗ ಹಿಡಿದು, ಯಾರನ್ನೂ ನೋಡದೆ, ಗ್ಲೌಸಿನಿಂದ ಎಡಗಣ್ಣನ್ನು ಒರೆಸಿಕೊಳ್ಳುತ್ತಿದ್ದರು.

"ಗಂಟೆ ಹೊಡೀಲಿ, ನೋಡೋಣ" ಅಂದರು ಅಜ್ಜ.

ಗಂಟೆ ಹೊಡೆದರು. ಕ್ಯಾಮೆರಾ ಓಡತೊಡಗಿತು. ಆಗ ನಾನೊಂದು ಸದ್ದು ಕೇಳಿದೆ; ಕೇಳಿ, ಅದು ಎಲ್ಲಿಂದ ಬರುತ್ತಿದೆಯೆಂದು ಹುಡುಕಿದೆ. ಸರ್ರ್, ಸರ್ರ್. ಅಜ್ಜ ಬೂಟನ್ನು ನೆಲಕ್ಕೆ ಎಳೆಯುತ್ತಿದ್ದರು. ಅಡುಗೆಮನೆಯಲ್ಲಿ ಅಜ್ಜಿ ಎಷ್ಟು ಬೇಡಿಕೊಂಡರೂ ಒಂದು ದಿನವೂ ಸದ್ದು ಮಾಡದ ಆ ಕಾಲು, ಎದುರಾಳಿಗೆ ತಾನೆಲ್ಲಿದ್ದೇನೆಂದು ಪ್ರತಿ ಹೆಜ್ಜೆಗೂ ಹೇಳಿಕೊಡುತ್ತ ಬಲಕ್ಕೆ ಸರಿಯುತ್ತಿತ್ತು. ಸುತ್ತಿಗೆ ತಾತನ ತಲೆ ಆ ಸದ್ದಿನ ಹಿಂದೆಯೇ, ಈಗ ಸರಿಯಾದ ಹೊತ್ತಿಗೆ, ತಿರುಗಿತು. ಕೊನೆಯ ಪೆಟ್ಟು ಬಂತು. ಆದರೆ ಹಿಂದಿನ ಸಲ ಕಿವಿಗೆ ಹೊಡೆದ ಹೆದರಿಕೆ ಇನ್ನೂ ಆ ಕೈಯಲ್ಲಿತ್ತು. ಗೇಣು ದೂರದಲ್ಲಿ ನಿಲ್ಲಬೇಕಾದ ಗ್ಲೌಸು ಮೊಳ ದೂರದಲ್ಲೇ ನಿಂತುಬಿಟ್ಟಿತು. ಯಾವ ಕಡೆಯಿಂದ ನೋಡಿದರೂ ಅದು ಗಾಳಿಗೆ ಹೊಡೆದ ಪೆಟ್ಟು. ಅಜ್ಜ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಒಂದು ಕ್ಷಣದಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು, ಸುತ್ತಿಗೆ ತಾತನಿಗೆ ದೂರದ ಅಳತೆ ಸಿಗುತ್ತಿಲ್ಲ ಎಂದು.

ಅಜ್ಜ ಬಿದ್ದರು.

ಮೊಣಕಾಲೂರಲಿಲ್ಲ, ಕೂರಲಿಲ್ಲ. ಕತ್ತು ಒಂದು ಕಡೆಗೆ ತಿರುಗಿ, ಎರಡೂ ಕೈ ಸಡಿಲಾಗಿ, ಕಡಿದ ಮರದಂತೆ ಬೆನ್ನ ಮೇಲೆ ಬಿದ್ದರು. ಸಾಹಸ ಕಲಾವಿದನಿಗಾಗಿ ತಂದಿಟ್ಟ ಮೆತ್ತೆ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು. ಆ ಸದ್ದಿಗೆ ಬೆಂಚಿನ ಮೇಲಿದ್ದವರು ಎದ್ದು ನಿಂತರು, ಗ್ಲೌಸು ಎಲ್ಲಿ ನಿಂತಿತ್ತೆಂದು ಯಾರೂ ಗಮನಿಸಲಿಲ್ಲ. ನಿರ್ದೇಶಕ ನಿಲ್ಲಿಸಿ ಎನ್ನುವುದನ್ನೇ ಮರೆತ. ರೆಫರಿಯ ವೇಷದಲ್ಲಿದ್ದವನು ತನಗೆ ಹೇಳಿಕೊಟ್ಟಂತೆ ಎಣಿಸತೊಡಗಿದ. ಅಲ್ಲಿಂದ ಎಲ್ಲ ಕೆಟ್ಟಿತು. ಕಥೆಯ ಪ್ರಕಾರ ಸುತ್ತಿಗೆ ತಾತ ಕೈಯೆತ್ತಿ ಕುಣಿಯಬೇಕಿತ್ತು. ಅವರು ಮುಖ ಸಪ್ಪೆ ಮಾಡಿಕೊಂಡು, ಎದುರಾಳಿ ಬಿದ್ದಾಗ ಬಾಕ್ಸರು ಹೋಗಿ ನಿಲ್ಲಬೇಕಾದ ದೂರದ ಮೂಲೆಗೆ ಸೀದಾ ನಡೆದು ಹಗ್ಗಕ್ಕೆ ಬೆನ್ನು ಕೊಟ್ಟು ನಿಂತರು. ಅಜ್ಜ ಹತ್ತು ಎಣಿಸುವವರೆಗೂ ಮಲಗಿರಬೇಕಿತ್ತು. ಎಂಟು ಎನ್ನುತ್ತಿದ್ದಂತೆ ಎದ್ದು ನಿಂತು ಗ್ಲೌಸು ಮುಖದ ಮುಂದೆ ಹಿಡಿದರು. ಬಿದ್ದರೆ ಗಾಬರಿಯಾಗಿ ಏಳಬೇಡ, ಎಂಟರವರೆಗೆ ಉಸಿರು ತಗೋ, ಎಂಟಕ್ಕೆ ಏಳು ಎಂದು ಡಿಪೋದ ಹುಡುಗರಿಗೆ ಅವರು ವರ್ಷಗಟ್ಟಲೆ ಕಲಿಸಿದ್ದರು. ತಾವೇ ಅದನ್ನು ಮಾಡಿ ನೋಡಿದ್ದು ಅವತ್ತೇ ಮೊದಲು.

"ಯಾಕೆ ಎದ್ರಿ ತಾತ?" ನಿರ್ದೇಶಕನ ದನಿ ಅಳುವಿಗೂ ನಗುವಿಗೂ ನಡುವೆ ಇತ್ತು.

"ಎಂಟು ಅಂದ್ನಲ್ಲಪ್ಪಾ ಅವನು."

"ನೀವ್ಯಾಕೆ ಮೂಲೆಗೆ ಹೋದ್ರಿ?"

"ಇನ್ನೆಲ್ಲಿಗೆ ಹೋಗ್ಲಿ?" ಅಂದರು ಸುತ್ತಿಗೆ ತಾತ. ತಮ್ಮ ಕೈ ನಿಜವಾಗಿಯೇ ತಾಗಿ ಅಜ್ಜ ಬಿದ್ದರೆಂದು ಅವರು ನಂಬಿದ್ದರು. ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಇನ್ನೊಂದು ಸಲ ಬೀಳಬೇಕಾಗುತ್ತದೆ ಎಂದು ನಿರ್ದೇಶಕ ಹಿಂಜರಿಯುತ್ತ ಹೇಳಿದ. ಬೇಡವಾದರೆ ಸಾಹಸ ಕಲಾವಿದ ಇದ್ದಾನೆ ಎಂದ. ಅಜ್ಜ ಸೊಂಟ ಹಿಡಿದುಕೊಂಡು, "ಅವನಿಗೆ ಬೀಳೋಕೆ ಬರಲ್ಲ, ನೆಗೀತಾನೆ. ನಾನೇ ಬೀಳ್ತೀನಿ. ಈ ಸಲ ಆ ಮೆತ್ತೆ ತಗೊಂಬನ್ನಿ" ಅಂದರು.

ಎರಡನೆಯ ಸಲವೂ ಬೂಟು ಸರ್ರ್ ಎಂದಿತು, ಸುತ್ತಿಗೆ ತಾತನ ಕೈ ಅಷ್ಟೇ ದೂರದಲ್ಲಿ ನಿಂತಿತು, ಅಜ್ಜ ಅಷ್ಟೇ ಚೆನ್ನಾಗಿ ಬಿದ್ದರು. ಆದರೆ ಈ ಸಲ ಸುತ್ತಿಗೆ ತಾತನಿಗೆ ತಿಳಿಯಿತು. ಅವರು ಅದನ್ನೇ ಗಮನಿಸುತ್ತಿದ್ದರು; ಗ್ಲೌಸಿಗೆ ಏನೂ ತಾಗಲಿಲ್ಲವೆಂದು ಕೈಗೆ ಗೊತ್ತಾಗಿತ್ತು. ಅವರು ಬಿದ್ದ ಅಜ್ಜನನ್ನು, ತಲೆ ಓರೆ ಮಾಡಿ, ಒಳ್ಳೆಯ ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಕೈಯೆತ್ತಿ ಕುಣಿದರು. ಎಷ್ಟು ಕುಣಿದರೆಂದರೆ ರಬ್ಬರಿನ ಬೋಳುತಲೆ ಕಳಚಿ ಬಿಳಿಗೂದಲು ಹೊರಬಂದು ಮತ್ತೊಮ್ಮೆ ತೆಗೆಯಬೇಕಾಯಿತು. ಅಜ್ಜ ಗೊಣಗದೆ ಮತ್ತೊಮ್ಮೆ ಬಿದ್ದರು.

ಕೆಲಸ ಮುಗಿದ ಮೇಲೆ ಮೇಕಪ್ಪಿನ ಕೋಣೆಯಲ್ಲಿ ಅವರಿಬ್ಬರೇ ಇದ್ದರು, ಮಾತ್ರೆ ಕೊಡಲು ಹೋದ ನಾನು ಬಾಗಿಲ ಹತ್ತಿರ. ಅಂಟು ಬಿಡಿಸಿಕೊಳ್ಳುತ್ತ ಸುತ್ತಿಗೆ ತಾತ ಕನ್ನಡಿಗೆ ಹೇಳಿದರು:

"ಕಾಲು ಯಾಕೋ ಹಾಗೆ ಎಳೀತಿದ್ದೆ?"

"ಬೂಟು ದೊಡ್ಡದಾಗಿತ್ತು."

"ನಿನ್ನ ಕಾಲಿನ ಸದ್ದಿಗೆ ನಾನು ಆಗಿನ ಮೂರು ಆಟದಲ್ಲೂ ಕಿವಿಗೊಟ್ಟು ಕಾದಿದೀನಿ ಕಣೋ. ಒಂದು ಸಲಾನೂ ಕೇಳಿಸಿಲ್ಲ."

ಅಜ್ಜ ವಿಗ್ಗು ಕಿತ್ತು ಮೇಜಿನ ಮೇಲಿಟ್ಟರು. "ಯಾವಾಗಿಂದ?"

"ಏನು ಯಾವಾಗಿಂದ?"

"ಎಡಗಣ್ಣು."

"ಒಲೆ ಹೊಗೆ ಕಣೋ, ಅದಕ್ಕೆ ಮಬ್ಬು."

"ಒಲೆ ಮುಂದೆ ನಿಂತು ಎಷ್ಟು ಕಾಲ ಆಯ್ತು ನೀನು? ಈಗೆಲ್ಲಾ ಅಳಿಯ ತಾನೇ ನಿಲ್ಲೋದು?"

ಸುತ್ತಿಗೆ ತಾತ ರಬ್ಬರು ಟೋಪಿಯನ್ನು ಮಡಿಸಿದರು, ಬಿಡಿಸಿದರು. "ಮಗಳಿಗೆ ಹೇಳಿದ್ರೆ ಹೊರಗೆ ಬಿಡಲ್ಲ. ಪಾರ್ಕಿಗೂ ಬಿಡಲ್ಲ."

"ಅದಕ್ಕೇ ತೋರಿಸ್ಕೋ ಅನ್ನೋದು. ಪೊರೆ ಬಂದಿರುತ್ತೆ, ತೆಗೀತಾರೆ. ನಮ್ಮ ಡಿಪೋದಲ್ಲಿ ಎಷ್ಟು ಜನಕ್ಕೆ ತೆಗೆದಿಲ್ಲ?"

"ಹೆದರಿಕೆ ಆಗುತ್ತೆ ಕಣೋ. ಕಣ್ಣಿಗೆ ಕತ್ತರಿ ಹಾಕ್ತಾರೆ."

ಇದನ್ನು ಹೇಳಿದ್ದು ಎದುರಿಗೆ ನಿಂತವರಿಗೆ ಗಂಜಿ ಕುಡಿಸುತ್ತಿದ್ದ ಸುತ್ತಿಗೆ. ಅಜ್ಜ ನಗಲಿಲ್ಲ. ಸುಮ್ಮನೆ ಗದರಿದರು: "ತೋರಿಸ್ಕೊಳ್ದೆ ಇದ್ರೆ ನೋಡು, ಬೇಕರಿ ಮುಂದೆ ನಿಂತು ಎಲ್ಲರಿಗೂ ಹೇಳ್ತೀನಿ. ನಿನ್ನ ಕೈ ನನಗೆ ತಾಗ್ಲೇ ಇಲ್ಲ, ನಾನಾಗೇ ಬಿದ್ದೆ ಅಂತ."

"ಹೇಳು. ಯಾರು ನಂಬ್ತಾರೆ? ಮೊಣಕಾಲಿನ ವಿಷಯಾನೇ ಯಾರೂ ನಂಬಿಲ್ಲ ನಿನ್ನನ್ನ."

"ತಾಗಿರ್ಲಿಲ್ಲ ಅದು!"

"ತಾಗಿತ್ತು!"

ಹೀಗೆ ಜಗಳವಾಡುತ್ತಲೇ ಹೊರಗೆ ಬಂದರು. ಬೇಕರಿಯವರೆಲ್ಲ ಬಾಗಿಲಲ್ಲೇ ಮುತ್ತಿಕೊಂಡರು. ಚಿಕ್ಕ ಮೊಮ್ಮಗಳು ಸುತ್ತಿಗೆ ತಾತನ ಮುಂಗೈಗೆ ಜೋತುಬಿದ್ದು, ನಮ್ಮಜ್ಜನ ಕಡೆ ಬೆರಳು ತೋರಿಸಿ ಕೇಳಿದಳು: "ತಾತ, ನೀನು ಇವರನ್ನ ನಿಜವಾಗ್ಲೂ ಬೀಳಿಸಿದ್ಯಾ?"

ಇಡೀ ಊರಿಗೆ ಇಷ್ಟು ವರ್ಷ ಇದನ್ನೇ ಹೇಳಿಕೊಂಡು ಬಂದ ಮನುಷ್ಯ, ಈಗ ಒಂದು ಮಗು ಕೇಳಿದರೆ ನೆಲ ನೋಡುತ್ತ ನಿಂತಿದ್ದರು.

ಅಜ್ಜ ಬಗ್ಗಿ, ಆ ಹುಡುಗಿಯ ಮುಖದ ಸಮಕ್ಕೆ ಬಂದು, ದವಡೆ ಸವರಿಕೊಂಡರು. "ಬೀಳಿಸ್ದೆ ಬಿಡ್ತಾರೇನಮ್ಮಾ? ನೋಡು, ಇನ್ನೂ ಉರೀತಿದೆ. ನಿಮ್ಮ ತಾತನ ಕೈಗೆ ವಯಸ್ಸಾಗಿಲ್ಲ."

ಪೆಟ್ಟು ತಾಗಿದ್ದು ಕಿವಿಗೆ. ದವಡೆಗೆ ಏನೂ ಆಗಿರಲಿಲ್ಲ. ಅಜ್ಜ ತಮಗೇ ವಿರುದ್ಧವಾಗಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಇದನ್ನೆಲ್ಲ ಬರೆಯುವುದು ಸರಿಯೋ ಅಲ್ಲವೋ ಎಂದು ನನಗೆ ಬಹಳ ಅಳುಕಿತ್ತು. ಸುತ್ತಿಗೆ ತಾತ ಆ ವಾರವೇ ಮಗಳ ಮುಂದೆ ಕಣ್ಣಿನ ವಿಷಯ ಹೇಳಿಕೊಂಡರು. ನಾನು ಅವರ ಹತ್ತಿರ ಹೋಗಿ, ಬರೆಯಲಾ ಎಂದು ಕೇಳಿದೆ. ಅವರು, "ಬರಿ ಮಗಳೇ, ಎಲ್ಲಾ ಇದ್ದ ಹಾಗೇ ಬರಿ. ಹೇಗೂ ನೀನು ನಿಮ್ಮಜ್ಜನ ಕಡೆಯವಳು, ನೀನು ಬರೆದಿದ್ದನ್ನ ಯಾರೂ ನಂಬಲ್ಲ" ಎಂದರು.

ಎದುರಾಳಿಗಳೆಂದರೆ ಒಬ್ಬರನ್ನೊಬ್ಬರು ದ್ವೇಷಿಸುವವರು ಎಂದುಕೊಂಡಿದ್ದೆ. ನನಗೆ ತಿಳಿದಷ್ಟನ್ನು ಹೇಳುವುದಾದರೆ, ಗುದ್ದಾಡಿ ಬದುಕಿದ ಈ ಬಗೆಯ ಮನುಷ್ಯರು ಎದುರಿಗಿರುವವನ ದುರ್ಬಲವಾದ ಜಾಗವನ್ನು ಹುಡುಕುವುದನ್ನೇ ವಿದ್ಯೆಯಾಗಿ ಕಲಿತಿರುತ್ತಾರೆ. ಉಸಿರು ಎಲ್ಲಿ ಕುಗ್ಗುತ್ತದೆ, ಯಾವ ಕಾಲು ತಡವಾಗಿ ಬರುತ್ತದೆ ಎಂಬುದು ಹೆಂಡತಿಗೂ ಮಕ್ಕಳಿಗೂ ಕಾಣುವ ಮೊದಲೇ ಅವರಿಗೆ ಕಾಣುತ್ತದೆ. ಪ್ರಾಯದಲ್ಲಿ ಆ ಜಾಗ ಸಿಕ್ಕ ಕೂಡಲೇ ಅಲ್ಲಿಗೆ ಹೊಡೆಯುತ್ತಾರೆ. ವಯಸ್ಸಾದ ಮೇಲೂ ಕಣ್ಣು ಅದನ್ನೇ ಹುಡುಕುತ್ತದೆ, ಆದರೆ ಸಿಕ್ಕಿದಾಗ ಅವರು ಬೇರೆ ಯಾರಿಗೂ ಕಾಣದ ಹಾಗೆ ಅದಕ್ಕೆ ಅಡ್ಡ ನಿಂತುಕೊಳ್ಳುತ್ತಾರೆ. ಹಾಗೆ ನಿಂತದ್ದನ್ನು ಯಾರಾದರೂ ಪ್ರೀತಿ ಎಂದು ಕರೆದರೆ ಇಬ್ಬರೂ ಸೇರಿ ಜಗಳಕ್ಕೆ ಬರುತ್ತಾರೆ.

ಸುತ್ತಿಗೆ ತಾತ ಕಣ್ಣಿನ ಆಸ್ಪತ್ರೆಗೆ ಬರಲು ಒಪ್ಪಿದ್ದಾರೆ, ಅಜ್ಜ ಜೊತೆಗಿದ್ದರೆ ಮಾತ್ರ. ನಾಳೆ ಬೆಳಿಗ್ಗೆ ನಾನು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಅವರನ್ನು ನೆರಳಿನಲ್ಲಿ ಕೂರಿಸಿ, ಚೀಟಿ ಮಾಡಿಸುವ ಕಿಟಕಿಯಲ್ಲಿ ನಾನೇ ಮಾತಾಡುತ್ತೇನೆ.